ರಾಯರ ಗಾಡಿಯ ತಗ್ಗು-ಉಬ್ಬು

ಡೆಂಟಿಂಗ್ ಮಾಡುವವನ ಮುಂದ ನೆಟ್ಟಗಿದ್ದ ಗಾಡಿ ಯಾರೂ ತಂದು ನಿಲ್ಲಿಸೂದಿಲ್ಲ. ತಗ್ಗು ಬಿದ್ದದ್ದನ್ನ ತರ್ತಾರ, ತಗ್ಗಿನ ಬೆನ್ನಿಗೆ ಒಂದು ಕಥಿ ಇದ್ದ ಇರತೈತಿ, ಕಥಿ ಹೇಳೂದರೊಳಗ ಯಾರರ ಒಬ್ಬರು ನಗಾಕ ಚಾಲೂ ಮಾಡಿರ್ತಾರ. ಬಂಕಾಪುರದಾಗ ಕೋಟೆ ಕಡೆ ಹೋಗೂ ಹಳೇ ರಸ್ತೆದ ಬಾಜೂಕ ನಂದೊಂದು ತಗಡಿನ ಶೆಡ್ ಐತಿ. ಟ್ರ್ಯಾಕ್ಟರ್ ಮಡ್ಗಾರ್ಡು, ಟಂಟಂ ಬಾಗಲಾ, ಕಬ್ಬಿನ ಲಾರಿ ಮೋತಿ, ಇವ ನನ್ನ ದಿನದ ಸಂಸಾರ. ನನ್ನ ಸುತ್ತಿಗಿ ಸಪ್ಪಳಕ್ಕ ಓಣಿ ಮಂದಿಗೆ ನಿದ್ದಿ ಹಾರತೈತಿ, ನನಗ ಮಾತ್ರ ಅದ ಸಪ್ಪಳಕ್ಕ ಜೋಂಪು ಹತ್ತತೈತಿ. ಕೈ ತಗಡು ಬಡೀತಿರ್ತಾವ, ಮನಸ್ಸು ವರದಾ ಹೊಳಿ ದಾಟಿ ಎಲ್ಲೋ ಹೋಗಿರತೈತಿ. ಹಿಂಗಿದ್ದವನ ಕೈಯಾಗ ಒಂದು ಸಲ ಎರಡು ಸೀಟಿನ ವಿಲಾಯತಿ ಗಾಡಿ ಸಿಕ್ತು. ಅದರದಾ ಈ ನಾಕೈದು ಪ್ರಸಂಗ.

೧. ಅರ್ಧಾ ಗಾಡಿ

ಗಾಡಿ ಸವಣೂರಿನಿಂದ ಟ್ರ್ಯಾಕ್ಟರ್ ಟ್ರೇಲರಿನಾಗ ಬಂತು. ಕೆಳಗ ಜ್ವಾಳದ ಕಣಿಕಿ ಹಾಸಿ, ಮ್ಯಾಲೆ ಜಮಖಾನಿ ಹೊಚ್ಚಿ, ಹೊಸಾ ಸೊಸಿನ್ನ ಮನಿತುಂಬಿಸಿಕೊಳ್ಳಾಕ ಕರಕೊಂಡು ಬಂದಂಗ ತಂದಿದ್ರು. ಗಾಡಿ ಧಣಿ ಅಲ್ಲಿಯ ಒಬ್ಬರು ವಕೀಲರು. ಎಲ್ಲಾರೂ ಅವರಿಗೆ ರಾಯರು ಅಂತಾರ. ವಯಸ್ಸು ಎಪ್ಪತ್ತು ದಾಟಿತ್ತು. ಕೋರ್ಟಿಗೆ ಹೋಗೂದು ಬಿಟ್ಟು ಬಾಳ ದಿನ ಆಗಿತ್ತು, ವಾದಾ ಮಾಡೂದು ಮಾತ್ರ ಬಿಟ್ಟಿರಲಿಲ್ಲ.

ನಾಕು ಮಂದಿ ಸೇರಿ ಹಲಗಿ ಮ್ಯಾಲಿಂದ ಗಾಡಿ ಕೆಳಗ ಇಳಿಸಿದ್ವಿ. ಮ್ಯಾಲೆ ಛತ್ತಿಲ್ಲ. ಉದ್ದನ್ನ ಮೂಗು, ಗುಂಡನ್ನ ಎರಡು ಕಣ್ಣು, ನೆಲಕ್ಕ ಮಕ್ಕೊಂಡಂಗ ಎತ್ತರ. ಕೆಂಪು ಬಣ್ಣ ಅಲ್ಲಲ್ಲಿ ಸುಲದು ಜಂಗು ಹಿಡದಿತ್ತು. ಆದ್ರ ಅದರ ಬೆನ್ನಿನ ಡೊಂಕು ಹೆಂಗಿತ್ತಂದ್ರ, ಒಂದು ಗೆರಿ ಮೂಗಿನಿಂದ ಹೊಂಟು ಎಲ್ಲೂ ನಿಲ್ಲದ ಬಾಲದ ತನಕ ಹರದು ಹೋಗಿತ್ತು. ನಾ ಕೈ ಇಟ್ಟಾಂವ ಕಣ್ಣು ಮುಚ್ಚಿಬಿಟ್ನಿ.

"ಹುಬ್ಬಳ್ಳ್ಯಾಗ ಎರಡು ಕಡೆ ತೋರಿಸ್ದೆ, ಗುಜರಿಗೆ ಹಾಕ್ರಿ ಅಂದ್ರು" ಅಂದ್ರು ರಾಯರು. "ನನ್ನ ಕಣ್ಣು ಮಂದ ಆಗ್ಲಿಕ್ಕೆ ಹತ್ಯಾವ. ಇದೊಂದು ವರ್ಷ ಗಾಡಿ ನಡಸ್ರಿ, ಮುಂದ ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ. ಒಂದ ಸಲ ನಮ್ಮ ಮನಿಯಾಕಿನ್ನ ಇದರಾಗ ಕೂಡಿಸಿಕೊಂಡು ಹಿರೇಕೆರೂರಿಗೆ ಹೋಗಬೇಕು, ಆಕಿ ತವರುಮನಿಗೆ. ನಿನ್ನ ಕೈಲೆ ಆಗ್ತದೇನು, ಮಿಸ್ತ್ರಿ?"

ನಾ ಇನ್ನೂ ಕಣ್ಣು ತಗದಿರಲಿಲ್ಲ. "ಆಗತೈತ್ರಿ" ಅಂತ ಬಾಯಿ ತಾನ ಅಂದುಬಿಟ್ತು.

ಎದುರಿನ ಚಾದಂಗಡಿ ಅಜ್ಜಿ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನೋಡಾಕತ್ತಿದ್ಲು. "ಅರ್ಧಾ ಗಾಡಿ ಬಂತು, ಇನ್ನರ್ಧಾ ಯಾವಾಗ ತರ್ತೀರಿ?" ಅಂದ್ಲು.

"ಇದು ಇಷ್ಟ ಅದ, ಅಜ್ಜಿ. ಇಬ್ಬರು ಕೂಡ್ಲಿಕ್ಕೆ ಮಾಡಿದ ಗಾಡಿ" ಅಂದ್ರು ರಾಯರು.

ಅಜ್ಜಿ ಗಾಡಿ ಸುತ್ತ ಒಂದು ಸುತ್ತು ಬಂದು, ದನಿ ತಗ್ಗಿಸಿ ಕೇಳಿದ್ಲು: "ಮನಿ ಮಂದಿ ಕೂಡ ಜಗಳಾಡಿಕೊಂಡು ಮಾಡಿಸಿದ್ರೇನ್ರಿ?"

೨. ಲೋಹಚುಂಬಕ

ಹಳೇ ಗಾಡಿ ಬಂದ್ರ ನಾ ಮೊದಲ ಸುತ್ತಿಗಿ ಹಿಡಿಯೂದಿಲ್ಲ, ಕೆಟ್ಟ ಸ್ಪೀಕರಿನಾಗಿಂದ ತಗದ ಒಂದು ಲೋಹಚುಂಬಕ ಹಿಡೀತೇನಿ. ತಗಡಿದ್ದಲ್ಲಿ ಅದು ಅಂಟತೈತಿ. ತಗ್ಗು ಮುಚ್ಚಾಕ ಯಾರರ ಪುಟ್ಟಿ ಮೆತ್ತಿದ್ರ ಅಂಟೂದಿಲ್ಲ. ಬಣ್ಣದ ಕೆಳಗ ಯಾರು ಏನು ಮುಚ್ಚಿಟ್ಟಾರ ಅನ್ನೂದನ್ನ ಅದು ಒಂದ ನಿಮಿಷದಾಗ ಹೇಳತೈತಿ.

"ಇದರಾಗ ಪುಟ್ಟಿಗಿಟ್ಟಿ ಏನಿಲ್ಲ. ನೂರಕ್ಕ ನೂರು ವಿಲಾಯತಿ ಉಕ್ಕು" ಅಂದ್ರು ರಾಯರು. ನನ್ನ ಕೈಯಾಗಿಂದ ಲೋಹಚುಂಬಕ ಇಸಕೊಂಡು ತಾವ ಬಾನೆಟ್ಟಿನ ಮ್ಯಾಲೆ ಇಟ್ರು. ಅಂಟಿತು. ಬಾಗಲಾಕ್ಕ ಇಟ್ರು. ಅಂಟಿತು. ರಾಯರ ಎದಿ ಒಂದು ಗೇಣು ಅಗಲಾತು. ಹಿಂದಿನ ಬಲಗಡೆ ಮಡ್ಗಾರ್ಡಿಗೆ ಇಟ್ರು. ಟಪ್ ಅಂತ ಕೆಳಗ ಬಿತ್ತು.

ಎತ್ತಿ ಮತ್ತ ಇಟ್ರು. ಮತ್ತ ಬಿತ್ತು.

"ನಿನ್ನ ಲೋಹಚುಂಬಕದಾಗ ಶಕ್ತಿ ಉಳದಿಲ್ಲ, ಮಿಸ್ತ್ರಿ" ಅಂದ್ರು.

ನಾ ಉಳಿ ತಗೊಂಡು ಕೆರಿಯಾಕ ಕುಂತ್ನಿ. ಮ್ಯಾಲೆ ಕೆಂಪು ಬಣ್ಣ, ಅದರ ಕೆಳಗ ಹಸರು, ಅದರ ಕೆಳಗ ಬೆಣ್ಣಿ ಬಣ್ಣ. ಒಂದೊಂದು ಬಣ್ಣ ಸುಲದಂಗ ಗಾಡಿ ಒಂದೊಂದು ಹರೇಕ್ಕ ವಾಪಸ್ ಹೊಂಟಂಗ ಅನಸಾಕತ್ತಿತು. ಬೆಣ್ಣಿ ಬಣ್ಣದ ಕೆಳಗ ಎರಡು ಬೆರಳು ದಪ್ಪ ಪುಟ್ಟಿ. ಪುಟ್ಟಿಯೊಳಗ ಗೋಣಿಚೀಲದ ತುಂಡು. ಗೋಣಿಚೀಲ ಕಿತ್ತಿದ್ರ, ಬ್ಯಾರೇದ ಒಂದು ತಗಡಿನ ತೇಪಿ. ತೇಪಿ ಮ್ಯಾಲೆ ನೀಲಿ ಅಕ್ಷರ. ರಾಯರು ಚಾಳೀಸು ಸರಿ ಮಾಡಿಕೊಂಡು ಬಗ್ಗಿ ಓದಿದ್ರು:

"ಶುದ್ಧ ಶೇಂಗಾ ಎಣ್ಣಿ. ಹದಿನೈದು ಕಿಲೋ."

ನಾ ನಗು ನುಂಗಿಕೊಂಡು ಅವರ ಮೋತಿ ನೋಡಿದ್ನಿ. ಆಗ ಅವರಿಗೆ ನೆನಪಾತು: ಹಿಂದ ಯಾವಾಗೋ ಹಾನಗಲ್ ದಾರ್ಯಾಗ ಗಿಡಕ್ಕ ಬಡದಾಗ, ಅಲ್ಲೇ ಸಿಕ್ಕ ಒಬ್ಬಾಂವ ಒಂದು ಮಧ್ಯಾಹ್ನದಾಗ ನೆಟ್ಟಗ ಮಾಡಿಕೊಟ್ಟಿದ್ದನಂತ. ರಾಯರು ಆ ಅಕ್ಷರದ ಮ್ಯಾಲೆ ಬಾಳ ಹೊತ್ತು ಕೈ ಆಡಿಸಿದ್ರು. ಬ್ಯಾಸರಾ ಮಾಡಿಕೊಂಡ್ರು ಅಂತ ಅನಕೊಂಡ್ನಿ.

"ಅದಕ್ಕ ನೋಡು, ಮಿಸ್ತ್ರಿ" ಅಂದ್ರು, "ಈ ಕಡೆ ಗಾಲಿ ಇವತ್ತಿನ ತನಕ ಒಮ್ಮೆನೂ ಕಿರ್ ಅಂದಿಲ್ಲ."

೩. ಎರಡನೇ ನವಿಲು

ಎಣ್ಣಿ ಡಬ್ಬಿ ತಗಡು ಕತ್ತರಿಸಿ ತಗದು, ಹೊಸಾ ತಗಡು ಬಡದು ಅದೇ ಡೊಂಕಿಗೆ ತಂದು ಬೆಸದ್ನಿ. ಅದಕ್ಕ ತಿಂಗಳು ಹಿಡೀತು. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗತೈತಿ. ಅದಕ್ಕ ಕಣ್ಣು ಮುಚ್ಚಿ ಅಂಗೈ ಆಡಿಸಿಕೋತ ಹೋಗೂದು, ಎಲ್ಲಿ ಕೈ ಎಡವತೈತಿ ಅಲ್ಲಿ ಸಣ್ಣ ಸುತ್ತಿಗೀಲೆ ಎರಡು ಏಟು. ಸಣ್ಣ ಏಟಿನ ಸಪ್ಪಳ ದೂರದ ಗುಡಿ ಗಂಟಿ ಹಂಗ ಕೇಳತೈತಿ. ಆ ತಿಂಗಳು ನಾ ಉಂಡೆನೋ ಇಲ್ಲೋ ನೆನಪಿಲ್ಲ.

ಬಾನೆಟ್ಟು ಮಾತ್ರ ಎಲ್ಲಾದಕ್ಕಿಂತ ಛಂದ ಆಗಿತ್ತು. ಬಣ್ಣ ಪೂರಾ ತಗದು, ಪಾಲಿಶ್ ಪೇಪರ್ ತಿಕ್ಕಿ ತಿಕ್ಕಿ, ಮುಂಜಾನಿ ಬಿಸಲಾಗ ಇಟ್ರ ಅದರಾಗ ಮುಗಿಲಿನ ಮೋಡ ಕಾಣತಿದ್ದವು. ಪ್ರೈಮರ್ ಹೊಡಿಯೂ ಮೊದಲ ಒಂದು ಕಪ್ ಚಾ ಕುಡದು ಬರ್ತೇನಿ ಅಂತ ಅಜ್ಜಿ ಅಂಗಡಿಗೆ ಹೋದ್ನಿ.

ತಿರುಗಿ ನೋಡಿದ್ರ ಕೋಟೆ ಕಡೆಯಿಂದ ಒಂದು ಗಂಡು ನವಿಲು ಬಂದು ಬಾನೆಟ್ಟಿನ ಮುಂದ ನಿಂತಿತ್ತು. ಒಳಗ ತನ್ನಂಥಾದ್ದ ಇನ್ನೊಂದು ಕಾಣತು. ಗರಿ ಬಿಚ್ಚಿತು. ಒಳಗಿಂದೂ ಬಿಚ್ಚಿತು. ಬಿಸಲು, ಹೊಳಿಯೂ ತಗಡು, ಎರಡು ನವಿಲು, ಸಾವಿರ ಕಣ್ಣು. ನಾ ಚಾದ ಕಪ್ ಕೈಯಾಗ ಹಿಡಕೊಂಡು ಕಲ್ಲಾಗಿ ನಿಂತ್ನಿ. ನನ್ನ ಕೈ ಕೆಲಸಾ ನೋಡಿ ನವಿಲು ಕುಣಿಯಾಕತ್ತೈತಿ, ಇನ್ನೇನು ಬೇಕು ಈ ಜನ್ಮಕ್ಕ ಅಂತ ಕಣ್ಣಾಗ ನೀರು ಬಂತು.

ಆಗ ಅದು ಕುಕ್ಕಾಕ ಚಾಲೂ ಮಾಡ್ತು.

ನಾ ಓಡಿ ಹೋಗಿ ಹುಶ್ ಅನ್ನೂದರೊಳಗ ಬಾನೆಟ್ಟಿನ ತುಂಬ ಸಿಡಬು ಬಂದಂಗ ತಗ್ಗು. ರಾಯರು ಮಧ್ಯಾಹ್ನ ಬಂದು ನೋಡಿ, ಕೋರ್ಟಿನ ದನಿ ತಗದು ಕೇಳಿದ್ರು: "ಯಾರು ಮಾಡಿದ್ದು?"

"ನವಿಲ್ರಿ."

"ನೀ ಎಲ್ಲಿದ್ದಿ?"

"ನೋಡಾಕತ್ತಿದ್ನಿರಿ."

"ತಡೀಲಿಲ್ಲ?"

"ಛಂದ ಕಾಣಾಕತ್ತಿತ್ರಿ."

ರಾಯರು ಸ್ಟೂಲ್ ಜಗ್ಗಿಕೊಂಡು ಕೂತ್ರು. "ಕೇಸು ಹಾಕೂಣೇನ್ರಿ?" ಅಂತ ನಾನ ಕೇಳಿದ್ನಿ, ಅವರ ಮನಸ್ಸು ಹಗರಾಗಲಿ ಅಂತ.

"ರಾಷ್ಟ್ರಪಕ್ಷಿ ಮ್ಯಾಲೆ ಕೇಸು ನಿಲ್ಲೂದಿಲ್ಲೋ. ಅದ ನಮ್ಮ ಮ್ಯಾಲೆ ಹಾಕಬಹುದು. ಸುಖಾ ಸಂಸಾರದಾಗ ಎರಡನೇ ಗಂಡು ತಂದು ಬಿಟ್ಟೀರಿ ಅಂತ."

೪. ಎಮ್ಮಿ

ಎಡಗಡೆ ಬಾಗಲಾಕ್ಕೊಂದು ದೊಡ್ಡ ಪೆಟ್ಟಿತ್ತು. ಅದರ ಕಥಿ ರಾಯರು ಬಂದಾಗೊಮ್ಮೆ ಹೇಳತಿದ್ರು. ಮದುವಿಯಾದ ಹೊಸದರಾಗ ರಟ್ಟೀಹಳ್ಳಿಯೊಳಗ ಗಾಡಿ ನಿಲ್ಲಿಸಿದ್ದಾಗ ಒಂದು ಎಮ್ಮಿ ಓಡಿ ಬಂದು ಗುದ್ದಿತಂತ. ಕೋರ್ಟಿನಾಗ, ಮದುವಿಮನ್ಯಾಗ, ಎಲ್ಲಾ ಕಡೆ ನಲವತ್ತು ವರ್ಷದಿಂದ ಹೇಳಿಕೋತ ಬಂದ ಕಥಿ. ಹೇಳಿದಾಗೊಮ್ಮೆ ಎಮ್ಮಿ ಒಂದಿಷ್ಟು ದಪ್ಪಾಗತಿತ್ತು.

ಬಾಗಲಾ ಬಿಚ್ಚಿ ಬೆಂಚಿನ ಮ್ಯಾಲೆ ಮಲಗಿಸಿದಾಗ ನನಗ ಏನೋ ತಾಳೆ ಬೀಳಲಿಲ್ಲ. ಹೊರಗಿಂದ ಗುದ್ದಿದ್ರ ತಗಡು ಒಳಗ ಹೋಗಬೇಕು. ಇದು ಹೊರಗ ಉಬ್ಬಿತ್ತು. ನಾ ಮತ್ತೊಮ್ಮೆ ಕೈ ಆಡಿಸಿದ್ನಿ. ಹೌದು, ಉಬ್ಬು.

ಅವತ್ತು ರಾಯರ ಜೊತಿ ಅವರ ಮನಿಯವ್ವಾರೂ ಬಂದಿದ್ರು. ಸಣ್ಣ ಆಳು, ಹೂ ಮುಡದು, ಸ್ಟೂಲಿನ ಮ್ಯಾಲೆ ಕೂತು ಹತ್ತಿ ಬತ್ತಿ ಹೊಸೀತಿದ್ರು. ನಾ ಅವರ ಕಡೆ ಲಕ್ಷ್ಯ ಕೊಡದ ಕೇಳಿಬಿಟ್ನಿ:

"ರಾಯರ, ಆ ಎಮ್ಮಿ ಗಾಡಿ ಒಳಗ ಕುಂತಿತ್ತೇನ್ರಿ?"

ರಾಯರು ಕೆಮ್ಮಿದ್ರು. ಬತ್ತಿ ಹೊಸಿಯೂ ಕೈ ನಿಂತಿತು.

"ಹೌದು, ಮಿಸ್ತ್ರಿ. ಒಳಗ ಕೂತಿತ್ತು" ಅಂದ್ರು ಅವ್ವಾರು. "ಹೊಸಾ ಪತ್ತಲ ಉಟ್ಟುಕೊಂಡು ಕೂತಿತ್ತು. ಇವರು ಗೆಳೆಯಾಗ ಗಾಡಿ ತೋರಸ್ತೇನಿ ಅಂತ ಇಳದು, ಗೆಳೆಯಾ ಒಳಗ ಕರದ ಅಂತ ಹೋಗಿ, ಅವಲಕ್ಕಿ ತಿಂದು, ಚಾ ಕುಡದು, ಗಾಡಿ ವಿಚಾರ ಮಾತಾಡಿಕೋತ ಕೂತುಬಿಟ್ರು. ಗಾಡಿಯೊಳಗ ಹೆಂಡ್ತಿ ಇದ್ದಾಳ ಅನ್ನೂದ ಮರತ್ರು. ಈ ಬಾಗಲಾ ಒಳಗಿಂದ ತಗೀಲಿಕ್ಕೆ ಬರ್ತಿರಲಿಲ್ಲ. ಊರ ಮಂದಿ ಸುತ್ತ ನಿಂತು ನೋಡ್ಲಿಕ್ಕೆ ಹತ್ಯಾರ, ಮ್ಯಾಲಿಂದ ಹಾರಿ ಇಳೀಲಿಕ್ಕೆ ಹೊಸಾ ಸೊಸಿಗೆ ಬರ್ತದೇನು? ಕಾಲೆತ್ತಿ ಬಾಗಲಾಕ್ಕ ಒದ್ದುಬಿಟ್ಟೆ."

ನಾ ತಲಿ ಬಗ್ಗಿಸಿ ಸುತ್ತಿಗಿ ಹುಡಕಾಕತ್ತಿದ್ನಿ. ಸುತ್ತಿಗಿ ಕೈಯಾಗ ಇತ್ತು.

ರಾಯರು ಸಣ್ಣ ದನೀಲೆ ಕೇಳಿದ್ರು: "ಅದು ಹಂಗ ಇರಲೇನು? ನೆನಪಿಗೆ?"

"ತಗೀರಿ, ಮಿಸ್ತ್ರಿ. ಅದಿರೂ ತನಕ ಇವರು ಎಮ್ಮಿ ಬಿಡೂದಿಲ್ಲ."

ಅದನ್ನ ಇಳಿಸಾಕ ಮೂರು ದಿನಾ ಹಿಡೀತು. ಬಾಳ ಹಗರಕ ಬಡದ್ನಿ. ಯಾಕೋ ಜೋರಾಗಿ ಬಡಿಯಾಕ ಮನಸ್ಸು ಬರಲಿಲ್ಲ. ಮುಗದ ಮ್ಯಾಲೆ ರಾಯರು ಬಂದು, ಕಣ್ಣು ಮುಚ್ಚಿ, ನಾ ಮಾಡೂ ಹಂಗ ಬಾಗಲಾದ ಮ್ಯಾಲೆ ಅಂಗೈ ಆಡಿಸಿದ್ರು. ಒಂದು ಕಡೆಯಿಂದ ಇನ್ನೊಂದು ಕಡೆ ತನಕ ಕೈ ಎಲ್ಲೂ ಎಡವಲಿಲ್ಲ.

"ಎಮ್ಮಿ ಹೋತು" ಅಂದ್ರು, ಏನೋ ಕಳಕೊಂಡವರ ಹಂಗ.

ಹಿಂದಿನಿಂದ ದನಿ ಬಂತು: "ಎಲ್ಲಿ ಹೋಗ್ಲಿ? ಇಲ್ಲೇ ಕೂತೇನಲ್ಲ."

೫. ಮೋಟಾರಿಲ್ಲದ ಮೋಟಾರು

ಮುಂದ ಬಣ್ಣ ಆತು, ಎಂಜಿನ್ ಕೂತಿತು, ಇಬ್ಬರೂ ಹಿರೇಕೆರೂರಿಗೆ ಹೋಗಿ ಹಬ್ಬದೂಟ ಉಂಡು ಬಂದ್ರು. ಹೋಗೂ ಮುಂದ ರಾಯರ ಕಣ್ಣಿಗೆ ದಾರಿ ನಿಚ್ಚಳ ಕಾಣತಿತ್ತಂತ. ಅದರಾಗ ನಗೂದೇನಿಲ್ಲ. ನಾ ಹೇಳೂದು ಅದಕ್ಕಿಂತ ಮೊದಲಿನ ಸವಾರಿ.

ಮರುದಿನ ಬಣ್ಣ ಹೊಡಿಯೂದಿತ್ತು. ಗಾಡಿಗೆ ಬೂದಿ ಬಣ್ಣದ ಪ್ರೈಮರ್ ಹೊಡದಿದ್ನಿ. ಬಾಗಲಾ ಸರಿಯಾಗಿ ಕೂಡ್ತಾವೋ ಇಲ್ಲೋ ನೋಡಾಕ ಗಾಲಿ, ಸೀಟು, ಸ್ಟೇರಿಂಗ್ ಅಷ್ಟ ಹಾಕಿದ್ನಿ. ಎಂಜಿನ್ ರಿಪೇರಿಗೆ ಅಂತ ಹುಬ್ಬಳ್ಳಿಗೆ ಹೋಗಿತ್ತು. ಹ್ಯಾಂಡ್‌ಬ್ರೇಕ್ ಒಂದು ಬಿಟ್ರ ಬ್ಯಾರೆ ಯಾವುದೂ ನಡೀತಿರಲಿಲ್ಲ.

"ಒಂದೀಟು ಕೂತು ನೋಡ್ತೇವಿ" ಅಂದ್ರು ರಾಯರು. ಅವ್ವಾರು ಬಾಜೂಕ ಕೂತ್ರು. ಬಾಗಲಾ ಎರಡೂ ಚಿಟಕಿ ಹೊಡದಂಗ ಮುಚ್ಚಿದವು. ನಾ ಖುಷಿಯಾಗಿ ಕೈ ತೊಳಕೊಳ್ಳಾಕ ನಳದ ಕಡೆ ಹೋದ್ನಿ. ತಿರುಗಿ ನೋಡಿದ್ರ, ಗಾಡಿ ಇದ್ದ ಜಾಗಾದಾಗ ಬರೇ ಬಿಸಲಿತ್ತು.

ನನ್ನ ಶೆಡ್ಡಿನಿಂದ ಸರ್ಕಲ್ಲಿನ ತನಕ ರಸ್ತೆ ಸಣ್ಣಗ ಇಳಕಲು. ಆ ಇಳಕಲಿನಾಗ ದೂರದಾಗ, ಸಪ್ಪಳಿಲ್ಲದ, ಬೂದಿ ಬಣ್ಣದ ಮೋಡ ಒಂದು ನೆಲಕ್ಕ ಇಳದು ತೇಲಿಕೋತ ಹೊಂಟಂಗ ಗಾಡಿ ಹೊಂಟಿತ್ತು. ರಾಯರ ಬಿಳೇ ಕೂದಲಾ, ಅವ್ವಾರ ಸೆರಗು, ಎರಡೂ ಗಾಳಿಗೆ ಹಾರತಿದ್ದವು. ದಾರ್ಯಾಗಿನ ಆಡು ಸೈತ ಸುಮ್ಮನ ನಿಂತು ನೋಡಿದವು.

"ಕೈ ತನ್ನಷ್ಟಕ್ಕ ತಾನ ಹ್ಯಾಂಡ್‌ಬ್ರೇಕಿಗೆ ಹೋತು" ಅಂತ ರಾಯರು ಆಮ್ಯಾಲೆ ಹೇಳಿದ್ರು. ಅವ್ವಾರನ್ನ ಕೇಳಿದ್ರ, "ಬ್ಯಾಡ ಅನ್ನೂವಾಕಿದ್ದೆ, ಆದ್ರ ಗಾಳಿ ಛಲೋ ಬರ್ಲಿಕ್ಕೆ ಹತ್ತಿತ್ತು" ಅಂದ್ರು.

ನಾ ಹಗ್ಗಾ ಹೆಗಲಿಗೆ ಹಾಕ್ಕೊಂಡು ಹಿಂದ ಓಡಿದ್ನಿ. ನಾ ಮುಟ್ಟೂದರೊಳಗ ಸರ್ಕಲ್ಲಿನಾಗ ಆದ ಮಾತು ಅವ್ವಾರು ನನಗ ಹೇಳಿದ್ದು. ಅಲ್ಲೊಬ್ಬ ಹವಾಲ್ದಾರ ನಿಂತಿದ್ದ. ಕೈ ಅಡ್ಡ ಹಿಡದ. ರಾಯರು ಹ್ಯಾಂಡ್‌ಬ್ರೇಕ್ ಜಗ್ಗಿ ಅವನ ಬೂಟಿನ ಮುಂದ ಸರಿಯಾಗಿ ನಿಲ್ಲಿಸಿದ್ರು.

"ಲೈಸನ್ಸ್ ತೋರಸ್ರಿ."

"ಮನ್ಯಾಗ ಅದ."

"ನಂಬರ್ ಪ್ಲೇಟ್?"

"ಶೆಡ್ಡಿನಾಗ ಅದ."

"ಮದ್ಲ ಎಂಜಿನ್ ಬಂದ್ ಮಾಡ್ರಿ."

"ಎಂಜಿನ್ ಹುಬ್ಬಳ್ಳ್ಯಾಗ ಅದ."

ಹವಾಲ್ದಾರ ಬಾನೆಟ್ ಎತ್ತಿ ಬಗ್ಗಿ ನೋಡಿದ. ಒಳಗ ಡಾಂಬರ್ ರಸ್ತೆ ಕಾಣತು. ಅವನು ತಲಿ ಎತ್ತೂದರೊಳಗ ರಾಯರು ವಾದಾ ಚಾಲೂ ಮಾಡಿದ್ರು. "ನೋಡಪಾ, ಮೋಟಾರಿದ್ರ ಮೋಟಾರು ವಾಹನ. ಇದರಾಗ ಮೋಟಾರ ಇಲ್ಲ. ಆದ್ದರಿಂದ ಇದು ಮೋಟಾರು ವಾಹನ ಅಲ್ಲ. ಆದ್ದರಿಂದ ಲೈಸನ್ಸು, ನಂಬರು ಯಾವುದೂ ಬೇಕಾಗೂದಿಲ್ಲ."

ಹವಾಲ್ದಾರ ಟೊಪ್ಪಿಗಿ ತಗದು ತಲಿ ತುರಿಸಿಕೊಂಡ.

"ಖರೇ ಐತ್ರಿ" ಅಂದ. "ಮೋಟಾರಿಲ್ಲಂದ್ರ ಇದು ಚಕ್ಕಡಿ ಆತು. ಚಕ್ಕಡಿ ಅಂದಮ್ಯಾಲೆ ಎತ್ತು ಬೇಕಲ್ರಿ. ಎತ್ತು ಎಲ್ಲದಾವು?"

ಸರಿಯಾಗಿ ಅದೇ ಹೊತ್ತಿಗೆ ನಾ ಹೋಗಿ ಮುಟ್ಟಿದ್ನಿ. ಹೆಗಲ ಮ್ಯಾಲೆ ಹಗ್ಗಾ, ಬಾಯಾಗ ಬುರುಗು, ಬುಸುಬುಸು ಉಸರು.

ಹವಾಲ್ದಾರ ನನ್ನ ಕಾಲಿನಿಂದ ತಲಿ ತನಕ ನೋಡಿದ.

"ಒಂದು ಬಂತು ನೋಡ್ರಿ" ಅಂದ. "ಇದರ ಜೋಡಿದು ಎಲ್ಲೈತಿ?"

ಅವ್ವಾರು ಸೆರಗು ಸರಿ ಮಾಡಿಕೊಂಡ್ರು. ಮುಂದಿನ ರಸ್ತೆ ನೋಡಿಕೋತ, ಹಗರಕ ಸ್ಟೇರಿಂಗ್ ಮ್ಯಾಲೆ ಕೈ ಇಟ್ಟು, ರಾಯರಿಗೆ ಅಂದ್ರು:

"ಇಳೀರಿ."