ನಿಂಬೆಹಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮುಂದಿನ ಎಡ ಟಯರ್

ಚಕ್ರ ಪರಿಶೀಲನಾ ಶಾಖೆ, ಹುಣಸೂರು
(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗೆ ಸೇರಿ. ಸಿಬ್ಬಂದಿ: ಹನ್ನೊಂದು. ಕಾರು: ಒಂದು.)

ಸಂಖ್ಯೆ: ಚಪಶಾ/ಮುಂ.ಎಡ/ಸಿಆರ್-04/2024-25
ದಿನಾಂಕ: 12-02-2025

ಸುತ್ತೋಲೆ

ವಿಷಯ: ಶಾಖೆಯ ಕಾರಿನ ಟಯರ್ ಹಾಗೂ ಚಕ್ರಗಳ ಪಾಲನೆ, ಪರಿಶೀಲನೆ ಮತ್ತು ಅವು ಓಡಾಟದಿಂದ ಸವೆಯದಂತೆ ತಡೆಯುವ ಬಗ್ಗೆ.

ಉಲ್ಲೇಖ: 1) ಚಾಲಕ ಶ್ರೀ ಚಾಮಯ್ಯ ಅವರ ಏಳು ಅರ್ಜಿಗಳು (ಟಯರ್ ಒಡೆಯುವವರೆಗೆ ಓದಿಲ್ಲ, ಕಡತದಲ್ಲಿವೆ).
2) ಆಯುಧಪೂಜೆಯ ದಿನದ ಪರಿಶೀಲನಾ ವರದಿ, ದಿನಾಂಕ 11-10-2024.
3) ದಿನಾಂಕ 23-01-2025ರ ಗುರುವಾರ ಕಾಕನಕೋಟೆಯ ಬಳಿ ಕೇಳಿಬಂದ ಶಬ್ದ.

ಪ್ರಸ್ತಾವನೆ:

ಕಾಡಂಚಿನ ಹಾಡಿಗಳ ರೋಗಿಗಳನ್ನು ಪ್ರತಿ ಗುರುವಾರ ಎಚ್.ಡಿ. ಕೋಟೆಯ ಆಸ್ಪತ್ರೆಗೆ ಕರೆತರುವುದು ಈ ಕಾರಿನ ಕೆಲಸ. ಚಾಮಯ್ಯನವರು ಇದನ್ನು ಓಡಿಸುತ್ತಿದ್ದು, ದಿನವೂ ಬೆಳಿಗ್ಗೆ ಕಾರಿನ ಸುತ್ತ ಒಂದು ಸುತ್ತು ಬಂದು, ನಟ್ಟುಗಳನ್ನು ಸ್ಪ್ಯಾನರ್‌ನಿಂದ ತಟ್ಟಿ, ನಾಲ್ಕೂ ಟಯರ್‌ಗಳನ್ನು ಅಂಗೈಯಿಂದ ಸವರಿ ನೋಡುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಇದಕ್ಕೆ ಯಾರ ಆದೇಶವೂ ಇರುವುದಿಲ್ಲ. ಹೀಗೆ ಸವರುವಾಗ ಮುಂದಿನ ಎಡ ಟಯರ್ ಗೆರೆಯೆಲ್ಲ ಸವೆದು ಬೋಳಾಗಿರುವುದು ಅವರ ಗಮನಕ್ಕೆ ಬಂದು, ಜುಲೈನಿಂದ ಏಳು ಅರ್ಜಿ ಬರೆದಿರುತ್ತಾರೆ. ಏಳನೆಯದರಲ್ಲಿ ಪೆನ್ನು ಕಾಗದವನ್ನು ಹರಿದಿರುವುದರಿಂದ ಅವರಿಗೆ ಸಿಟ್ಟು ಬಂದಿದ್ದಿತೆಂದು ಭಾವಿಸಲಾಗಿದೆ. ಹಾಡಿಯ ಕೆಂಪಿ ಎಂಬುವರ ಎಡಗಾಲಿನ ಹುಣ್ಣಿಗೆ ವಾರಕ್ಕೊಮ್ಮೆ ಬ್ಯಾಂಡೇಜು ಬದಲಾಗಬೇಕು, ನಡೆದರೆ ಕಾಲು ಉಳಿಯದೆಂದು ವೈದ್ಯರು ಹೇಳಿದ್ದಾರೆ ಎಂಬುದನ್ನು ಚಾಮಯ್ಯನವರು ಏಳೂ ಅರ್ಜಿಗಳಲ್ಲಿ ಬರೆದಿರುತ್ತಾರೆ. ಕಾಲು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ.

ವರ್ಷದಲ್ಲಿ ಟಯರ್‌ಗಳನ್ನು ತೊಳೆಯುವುದು ಆಯುಧಪೂಜೆಯಂದು ಮಾತ್ರವಾದ್ದರಿಂದ ವಾರ್ಷಿಕ ಪರಿಶೀಲನೆಯನ್ನೂ ಅಂದೇ ನಡೆಸುವುದು ರೂಢಿ. ಅದರಂತೆ ಚಕ್ರಗಳಿಗೆ ವಿಭೂತಿ, ಕುಂಕುಮ ಹಚ್ಚಿ, ನಾಲ್ಕರಡಿಯೂ ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಬಿಡಲಾಯಿತು. ನಾಲ್ಕೂ ಹಣ್ಣು ಅಪ್ಪಚ್ಚಿಯಾದವು. ಮುಂದಿನ ಎಡಭಾಗದ ಹಣ್ಣು ಹಪ್ಪಳದಂತಾಗಿದ್ದರಿಂದ ಸದರಿ ಟಯರ್‌ಗೆ ‘ಅತ್ಯುತ್ತಮ’ ಎಂದು ದೃಢೀಕರಣ ನೀಡಲಾಯಿತು. ಅದೇ ಟಯರ್ 23-01-2025ರಂದು ಕೆಂಪಿ ಅವರನ್ನು ಕರೆತರುವಾಗ ಕಾಕನಕೋಟೆಯ ಬಳಿ ಒಡೆದಿದ್ದು, ಇದು ದೃಢೀಕರಣಕ್ಕೆ ವಿರುದ್ಧವಾದ ನಡವಳಿಕೆಯಾಗಿರುತ್ತದೆ.

ಸ್ಟೆಪ್ನಿಯು ಆಪತ್ಕಾಲದ ಆಸ್ತಿಯಾದ್ದರಿಂದ ಮುಖ್ಯ ಚಕ್ರಾಧಿಕಾರಿಗಳ ಕೊಠಡಿಯಲ್ಲಿ ಹಾರ ಸಮೇತ ಭದ್ರವಾಗಿತ್ತು. ಚಾಮಯ್ಯನವರು ದೂರವಾಣಿ ಮೂಲಕ, “ಸಾರ್, ಮುಂದ್ಲು ಟಯರು ಒಡೆದೋಯ್ತು. ಸ್ಟೆಪ್ನಿ ನಿಮ್ ರೂಮಲ್ಲೇ ಅದೆ. ಯಾರ್ ಕೈಲಾದ್ರೂ ಕಳ್ಸಿ, ಈಯಮ್ಮನ್ನ ನಡ್ಸಕಾಗಕಿಲ್ಲ” ಎಂದು ತಿಳಿಸಿರುತ್ತಾರೆ. ಖುದ್ದಾಗಿ ಬಂದು ಅರ್ಜಿ ಕೊಡುವಂತೆ ಸೂಚಿಸಲಾಯಿತು. ಅವರು ಬರಲಿಲ್ಲ. ಎರಡು ಗಂಟೆ ಕಾದು, ಬಸ್ಸು ನಿಲ್ಲಿಸಿ, ಕೆಂಪಿ ಅವರನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿರುತ್ತಾರೆ. ಆ ಮೂಲಕ ಸುಸ್ಥಿತಿಯಲ್ಲಿದ್ದ ಮೂರು ಟಯರ್‌ಗಳನ್ನು ಆನೆ ತಿರುಗುವ ಜಾಗದಲ್ಲಿ ಒಂಟಿಯಾಗಿ ಬಿಟ್ಟಿರುತ್ತಾರೆ.

ಕಾರಣ ಕೇಳಿದ ನೋಟಿಸಿಗೆ ಅವರ ಉತ್ತರ: “ಬೋಳು ಟಯರೇ ನಿಂಬೆಅಣ್ಣ ಚೆಂದಾಗಿ ಅಪ್ಪಚ್ಚಿ ಮಾಡೋದು ಕಣ್ರೀ. ಗೆರೆ ಇದ್ರೆ ಅಣ್ಣು ಸಂದೀಲಿ ಸಿಕ್ಕಂಡು ಅರ್ಧ ಉಳೀತದೆ. ಟಯರ್ ಮುಖ್ಯವೋ ಆಯಮ್ಮನ ಕಾಲು ಮುಖ್ಯವೋ ನೀವೇ ಏಳಿ.” ಪ್ರತ್ಯಕ್ಷ ಸಾಕ್ಷಿ ಕೆಂಪಿ ಅವರ ಹೇಳಿಕೆ: “ಆ ನಿಂಬೆಅಣ್ಣಲ್ಲಿ ಉಪ್ಪಿನಕಾಯಾದ್ರೂ ಆಕಿದ್ರೆ ಇಷ್ಟೊತ್ಗೆ ಉಣ್ಣಕಾಗ್ತಿತ್ತು ಬುಡಿ.” ಎರಡೂ ಹೇಳಿಕೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಒಪ್ಪದೆ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಟಯರ್‌ಗಳನ್ನು ಅಂಗೈಯಿಂದ ಸವರುವುದನ್ನು ಈ ಕೂಡಲೇ ನಿಲ್ಲಿಸತಕ್ಕದ್ದು. ಚಾಮಯ್ಯನವರ ಅಂಗೈ ಮಾನ್ಯತೆ ಪಡೆದ ಉಪಕರಣವಲ್ಲ.

2. ಹೊಣೆಗಾರಿಕೆ ಹಂಚುವ ಸಲುವಾಗಿ ಮುಂದಿನ ಎಡ ಚಕ್ರವನ್ನು ಎಚ್.ಡಿ. ಕೋಟೆಗೆ, ಬಲವನ್ನು ಹುಣಸೂರಿಗೆ, ಹಿಂದಿನವನ್ನು ಕ್ರಮವಾಗಿ ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರಕ್ಕೆ ವಹಿಸಲಾಗಿದೆ. ನಾಲ್ಕೂ ತಾಲ್ಲೂಕುಗಳ ಒಪ್ಪಿಗೆಯಿಲ್ಲದೆ ಕಾರು ಚಲಿಸತಕ್ಕದ್ದಲ್ಲ. ಮೂರು ಒಪ್ಪಿಗೆ ಬಂದಿದ್ದಲ್ಲಿ ಮೂರು ಚಕ್ರಗಳು ಮಾತ್ರ ಚಲಿಸಬಹುದು.

3. ಟಯರ್‌ಗಳನ್ನು ಹಿಂದೆ ಮುಂದೆ ಅದಲು ಬದಲು ಮಾಡುವುದು ಅಂತರ ತಾಲ್ಲೂಕು ವರ್ಗಾವಣೆಯಾಗುವುದರಿಂದ ಮೇ ತಿಂಗಳಲ್ಲಿ ಮಾತ್ರ ಕೈಗೊಳ್ಳತಕ್ಕದ್ದು. ಪತಿ ಪತ್ನಿ ಪ್ರಕರಣಗಳಿಗೆ ಆದ್ಯತೆ.

4. ಗಾಳಿಯ ಒತ್ತಡವನ್ನು ಟಯರ್ ತಣ್ಣಗಿರುವಾಗಲೇ ನೋಡಬೇಕೆಂಬುದು ಶಾಸ್ತ್ರ. ಶಾಖೆ ಒಪ್ಪಿದ ಗಾಳಿಯಂತ್ರ ಬಿಳಿಕೆರೆಯಲ್ಲಿದೆ. ಓಡಿಸಿದರೆ ಟಯರ್ ಬಿಸಿಯಾಗುವುದರಿಂದ ಕಾರನ್ನು ಹುಣಸೂರಿನಿಂದ ಬಿಳಿಕೆರೆಯವರೆಗೆ ತಳ್ಳಿಕೊಂಡು ಹೋಗತಕ್ಕದ್ದು. ದಾರಿಯಲ್ಲಿ ಬೆವರನ್ನು ಟಯರ್ ಮೇಲೆ ಬೀಳಿಸಕೂಡದು.

5. ಟಯರ್ ಗೆರೆಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಎಲ್ಲೆಂದರಲ್ಲಿ ಎಸೆಯದೆ ಆಯಾ ಊರಿಗೆ ಹಿಂದಿರುಗಿಸಿ ಸ್ವೀಕೃತಿ ಪಡೆಯತಕ್ಕದ್ದು. ಕಟ್ಟೆಮಳಲವಾಡಿಯ ಕಲ್ಲೊಂದು ಡಿಸೆಂಬರ್‌ನಿಂದ ಬಾಕಿ ಇದೆ. ಮುಂದಿನ ಎಡ ಟಯರ್‌ನಲ್ಲಿ ಗೆರೆಯೇ ಇರದಿದ್ದ ಕಾರಣ ಅದರಿಂದ ಇಂತಹ ತೊಂದರೆ ಒಮ್ಮೆಯೂ ಆಗಿರಲಿಲ್ಲ ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸಲಾಗಿದೆ.

6. ಟಯರ್ ಒಡೆಯುವ ಮುನ್ನ ಚಾಲಕರು ಮೂರು ದಿನಗಳ ಮುಂಗಡ ಸೂಚನೆ ನೀಡತಕ್ಕದ್ದು. ಏಳು ತಿಂಗಳ ಮುಂಗಡ ಸೂಚನೆಯನ್ನು ಅವಧಿಪೂರ್ವ ಎಂದು ಪರಿಗಣಿಸಲಾಗುವುದು.

7. ನಾಲ್ಕು ಹೊಸ ಟಯರ್‌ಗಳು ಮಂಜೂರಾಗಿ, ಬಂದೂ ಇವೆ ಎಂದು ತಿಳಿಸಲು ಹರ್ಷವಾಗುತ್ತದೆ. ಆದರೆ ನಿಂಬೆಹಣ್ಣಿನ ಪರೀಕ್ಷೆಯಾಗದೆ ಯಾವ ಟಯರನ್ನೂ ಕಾರಿಗೆ ಜೋಡಿಸುವಂತಿಲ್ಲ. ಕಾರಿಗೆ ಜೋಡಿಸದೆ ನಿಂಬೆಹಣ್ಣಿನ ಪರೀಕ್ಷೆ ಆಗುವಂತಿಲ್ಲ. ಈ ಬಗ್ಗೆ ಸ್ಪಷ್ಟೀಕರಣ ಬರುವವರೆಗೆ, ಅಥವಾ ಮುಂದಿನ ಆಯುಧಪೂಜೆಯವರೆಗೆ, ಯಾವುದು ತಡವೋ ಅಲ್ಲಿಯವರೆಗೆ, ಹೊಸ ಟಯರ್‌ಗಳನ್ನು ಸ್ಟೆಪ್ನಿಯ ಜೊತೆಗೇ ಬೀಗ ಹಾಕಿ ಇಡತಕ್ಕದ್ದು. ಕಾಕನಕೋಟೆಯಿಂದ ಎಳೆದು ತಂದ ಕಾರನ್ನು ನಾಲ್ಕು ಕಲ್ಲುಗಳ ಮೇಲೆ ನಿಲ್ಲಿಸಲಾಗಿದ್ದು, ಅಂದಿನಿಂದ ಟಯರ್ ಸವೆತ ಸೊನ್ನೆಗೆ ಇಳಿದಿದೆ. ಶಾಖೆಯ ಇತಿಹಾಸದಲ್ಲಿ ಇದು ಮೊದಲು.

8. ಟಯರ್ ಮುಖ್ಯವೋ ಕಾಲು ಮುಖ್ಯವೋ ಎಂಬ ಚಾಮಯ್ಯನವರ ಪ್ರಶ್ನೆಗೆ ಉತ್ತರಿಸಲು ಸಮಿತಿ ರಚಿಸಲಾಗಿದೆ. ಅಭಿಪ್ರಾಯಗಳು ಸಮಸಮವಾಗಿರುವುದರಿಂದ ಸಮಿತಿಯನ್ನು ವಿಸ್ತರಿಸಲಾಗಿದೆ.

ಸಹಿ/-
ಎಸ್. ಚೇತನ್‌ಕುಮಾರ್
ಮುಖ್ಯ ಚಕ್ರಾಧಿಕಾರಿ (ಪ್ರಭಾರ)
ಚಕ್ರ ಪರಿಶೀಲನಾ ಶಾಖೆ, ಹುಣಸೂರು

ಪ್ರತಿಗಳು:
1. ನಾಲ್ಕೂ ತಾಲ್ಲೂಕುಗಳಿಗೆ, ತಮ್ಮ ತಮ್ಮ ಚಕ್ರದ ಮಾಹಿತಿಗಾಗಿ.
2. ಬಿಳಿಕೆರೆಯ ಗಾಳಿಯಂತ್ರದವರಿಗೆ, ಕಾರು ತಳ್ಳಿಕೊಂಡು ಬರುವವರಿಗೆ ನೀರು ಕೊಡಬಾರದೆಂಬ ಕೋರಿಕೆಯೊಂದಿಗೆ.
3. ಶ್ರೀ ಚಾಮಯ್ಯ, ಚಾಲಕರು. ಇನ್ನು ಮುಂದೆ ಗುರುವಾರಗಳಂದು ಹೊಸ ಟಯರ್‌ಗಳ ಕಾವಲು ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಸವರತಕ್ಕದ್ದಲ್ಲ.
4. ಕಚೇರಿ ಪ್ರತಿ, ಓದದೆ ಕಡತದಲ್ಲಿರಿಸಲು.
5. ಶ್ರೀಮತಿ ಕೆಂಪಿ, ಕಾಕನಕೋಟೆ ಬಳಿಯ ಹಾಡಿ. ಕಾರು ಬರುವುದಿಲ್ಲ. ಆಸ್ಪತ್ರೆಗೆ ನಡೆದು ಬರತಕ್ಕದ್ದು. ಎಡಗಾಲಿಗೆ ಬ್ಯಾಂಡೇಜು ಇರುವುದರಿಂದ ತಾವು ಒಂದೇ ಚಪ್ಪಲಿ ಮೆಟ್ಟುವುದಾಗಿ ತಿಳಿದುಬಂದಿದ್ದು, ಹೊರಡುವ ಮುನ್ನ ಅದರ ಅಟ್ಟೆ ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.