ಸೆನ್ಸರಿಗೂ ವಿಭೂತಿ

ಕಾರು ರಿಪೇರಿಯ ಪುಸ್ತಕ ಓದುವ ಗಂಡಸನ್ನು ಕಟ್ಟಿಕೊಂಡ ಹೆಂಗಸಿಗೆ ಸರ್ಕಾರ ಏನಾದರೂ ಪರಿಹಾರ ಕೊಡಬೇಕು. (ಹೇಳುತ್ತಿರುವವನು ಆ ಗಂಡಸೇ.)

2005ರ ದಸರಾ ಮುಗಿದ ಮೂರನೇ ದಿನ ನನ್ನ ನಾದಿನಿ ಅರ್ಪಿತಳಿಗೆ ನರಸೀಪುರದಲ್ಲಿ ಸೀಮಂತ. ಹನ್ನೊಂದಕ್ಕೆ ಶಾಸ್ತ್ರ. ಮೊದಲ ಬಳೆ ಅಕ್ಕನೇ ತೊಡಿಸಬೇಕೆಂದು ಅವಳ ಹಟ. ಅಕ್ಕ, ಅಂದರೆ ನನ್ನ ಹೆಂಡತಿ ನಂದಿತಾ, ಹಸಿರು ಬಳೆಯ ಡಬ್ಬ ಮಡಿಲಲ್ಲಿಟ್ಟುಕೊಂಡು ಎಂಟಕ್ಕೇ ಕಾರು ಹತ್ತಿದಳು. ನಂಜನಗೂಡಿನಿಂದ ಎಷ್ಟು ಮಹಾ ದೂರ! ಕೀಲಿ ತಿರುಗಿಸಿದೆ. ಆಯುಧಪೂಜೆಯಾದ ಮೇಲೆ ಅಂದೇ ಮೊದಲು ಕಾರು ತೆಗೆದದ್ದು. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡದ್ದು ಆರಲೇ ಇಲ್ಲ.

“ಓಡ್ತಾ ಇದೆಯಲ್ರೀ, ನಡೀರಿ.”

“ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಕಣೇ. ಹೊಗೆ ನೋಡಿ ಎಂಜಿನ್ನಿಗೆ ಹದ ಹೇಳೋದೇ ಅದು. ರುಚಿ ನೋಡದೆ ಸಾರು ಮಾಡಿದ್ರೆ ಹೇಗಿರುತ್ತೆ?”

“ಎಡೆ ಇಡೋ ಮುಂಚೆ ನಾನು ಯಾವತ್ತು ರುಚಿ ನೋಡಿದೀನಿ? ನೀವು ಉಣ್ತಿಲ್ವಾ?”

ಇಳಿದು ಬಾನೆಟ್ ಎತ್ತಿದೆ. ಸೆನ್ಸರಿನ ವೈರಿಗೆ ವೋಲ್ಟ್ ಮೀಟರ್ ಹಚ್ಚಿದೆ. ಮುಳ್ಳು ಅತ್ತಿತ್ತ ಕುಣಿಯಬೇಕೆಂದು ಪುಸ್ತಕದಲ್ಲಿತ್ತು, ಅದು ಮಿಸುಕಲಿಲ್ಲ. ಸೆನ್ಸರ್ ಲಿಂಗೈಕ್ಯವಾಗಿದೆಯೆಂದು ಘೋಷಿಸಿ, ಬಿಚ್ಚಲು ಹೋಗಿ ಅಂಗೈ ಸುಟ್ಟುಕೊಂಡೆ. ಹತ್ತೂವರೆಗೆ ಸೋತು ಮೆಕ್ಯಾನಿಕ್ ಬೆಟ್ಟಸ್ವಾಮಿಯನ್ನು ಕರೆಸಿದೆ. ಅವನು ಸೆನ್ಸರಿನ ವೈರಿನ ಪ್ಲಗ್ ಎಳೆದು ನೋಡಿದ.

“ಸೆನ್ಸರ್ ಗಟ್ಟಿಯಾಗೈತೆ ಸಾ. ಪ್ಲಗ್ಗೊಳೀಕೆ ಈಬೂತಿ ಮೆತ್ತಿದ್ಯಾರು?”

ಪೂಜೆಯ ದಿನ ಯಾವ ಭಾಗಕ್ಕೂ ಅನ್ಯಾಯವಾಗಬಾರದೆಂದು ಒಂದೊಂದು ಪ್ಲಗ್ಗನ್ನೂ ಬಿಚ್ಚಿ, ನೆನೆಸಿದ ವಿಭೂತಿ ಬಳಿದ ಭಕ್ತಶಿರೋಮಣಿ ನಾನೇ. ಬೆಟ್ಟಸ್ವಾಮಿ ಒರೆಸಿ ಸಿಕ್ಕಿಸಿದ.

“ದೀಪ ಉರೀತಿದ್ರೂ ಓಗ್ಬೋದಿತ್ತಲ್ಲ ಸಾ. ಪೆಟ್ರೋಲ್ ಒಸಿ ಜಾಸ್ತಿ ಕುಡೀತಿತ್ತು, ಅಷ್ಟೇಯ.”

ನಂದಿತಾ ಬಳೆಯ ಡಬ್ಬ ಎತ್ತಿಕೊಂಡು ಮತ್ತೆ ಕಾರು ಹತ್ತಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾವು ಮುಟ್ಟಿದಾಗ ಹನ್ನೆರಡೂವರೆ. ಅರ್ಪಿತಳ ಕೈತುಂಬ ಬಳೆಗಳಿದ್ದವು, ಮೊದಲನೆಯದನ್ನು ಗಂಡನ ಕಡೆಯ ಯಾರೋ ಅತ್ತೆ ತೊಡಿಸಿಯಾಗಿತ್ತು. ಅಕ್ಕನನ್ನು ಕಂಡು ಅವಳು ಅತ್ತೇಬಿಟ್ಟಳು. ನಂದಿತಾ ಡಬ್ಬವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅವತ್ತಿನಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

“ಯಾಕವ್ವ ಇಷ್ಟೊತ್ತು?” ನಮ್ಮತ್ತೆ ಮಲ್ಲಾಜಮ್ಮನವರು ಕೇಳಿದರು. ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆದೆ.

“ನಂದೇ ತಡ ಕಣವ್ವ” ಎಂದಳು ನಂದಿತಾ. “ಸೀರೆ ಉಡೋದ್ರಲ್ಲಿ ಹೊತ್ತಾಗೋಯ್ತು.”

ಅತ್ತೆ ಎಲ್ಲರೆದುರು ಅವಳಿಗೆ ಚೆನ್ನಾಗಿ ಬೈದರು. ನಾನು, ಹೇಡಿ, ತೆರೆದ ಬಾಯಿ ಮುಚ್ಚಿಕೊಂಡೆ. ಪಂಕ್ತಿಯಲ್ಲಿ ಅವರೇ ಬಂದು ನನ್ನ ಎಲೆಗೆ ಮೂರನೇ ಹೋಳಿಗೆ ಹಾಕಿದರು.

“ತಿನ್ನಿ ಅಳಿಯಂದ್ರೇ. ಪಾಪ, ಬೆಳಗ್ಗಿಂದ ಇವಳಿಗೆ ಎಷ್ಟು ಕಾದು ಸಾಕಾಯ್ತೋ!”

ಅವರ ಹಿಂದೆ ನಂದಿತಾ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. ನಾನು ತಲೆ ಎತ್ತದೆ ತಿಂದೆ.