ಸಾಕ್ಷಿ ಮೇಷ್ಟ್ರ ಕೆಟ್ಟ ಪಾಠ

ಇಷ್ಟಕ್ಕೆಲ್ಲ ಮೂಲ ಲೆಕ್ಕದ ಮೇಷ್ಟ್ರು ಕೊಟ್ಟ ಒಂದು ಪುಕ್ಕಟೆ ಸಲಹೆ. ಈ ಲೋಕದಲ್ಲಿ ಪುಕ್ಕಟೆ ಸಿಗುವುದರಲ್ಲಿ ನೆಗಡಿ ಬಿಟ್ಟರೆ ಸಲಹೆಯಷ್ಟು ಬೇಗ ಅಂಟುವುದು ಇನ್ನೊಂದಿಲ್ಲ.

"ಕೆಲಸ ಬಲ್ಲವನನ್ನ ಯಾರಾದ್ರೂ ಬಿಟ್ಟುಕೊಡ್ತಾರೇನ್ರೀ?" ಎಂದರು ಲೆಕ್ಕದ ಮೇಷ್ಟ್ರು, ಸ್ಟಾಫ್ ರೂಮಿನಲ್ಲಿ ಬೆಳಗಿನ ಚಹಾ ಹೀರುತ್ತ. "ಹಾಲು ಕೊಡೋ ಹಸೂನ ಯಾರೂ ಮಾರಲ್ಲ. ನೀವು ವರ್ಗ ಕೇಳಿದಾಗಲೆಲ್ಲ ಏನು ಬಂತು? 'ಒಳ್ಳೇ ಮೇಷ್ಟ್ರು, ಇಲ್ಲೇ ಇರಲಿ.' ಇವತ್ತು ವರ್ಗ ಮಾಡೋ ಸಾಹೇಬರೇ ಎಲ್ಲರ ಪಾಠ ನೋಡೋಕೆ ಬರ್ತಿದ್ದಾರೆ. ಒಂದೇ ಒಂದು ಪೀರಿಯಡ್ಡು ದರಿದ್ರವಾಗಿ ಪಾಠ ಮಾಡಿ. ಸಾಯಂಕಾಲ ಗಂಟುಮೂಟೆ ಕಟ್ಟಿ."

ಈ ಮಾತು ಕೇಳಿಸಿಕೊಂಡವರು ಭಾಷೆಯ ಮೇಷ್ಟ್ರು. ಮಕ್ಕಳು ಇಟ್ಟ ಹೆಸರು ಸಾಕ್ಷಿ ಮೇಷ್ಟ್ರು. ಸಣ್ಣಕತೆ ಓದಿ ಅದರ ಬಗ್ಗೆ ಒಂದು ಪ್ಯಾರಾ ಬರೆಯುವುದನ್ನು ಕಲಿಸುವುದೆಂದರೆ ಅವರಿಗೆ ಊಟ ನಿದ್ದೆ ಬೇಡ. "ಕತೆ ಚೆನ್ನಾಗಿದೆ ಅಂತ ಬರೀಬೇಡ್ರೋ, ಅದನ್ನ ಕತೆ ಓದದೇ ಇರೋನೂ ಬರೀತಾನೆ. ನಿನಗೆ ಏನು ಹೊಳೀತು ಹೇಳು. ಆಮೇಲೆ ಕತೆಯಿಂದ ಸಾಕ್ಷಿ ತಾ. ಆ ಸಾಕ್ಷಿಗೂ ನಿನ್ನ ಮಾತಿಗೂ ಏನು ನಂಟು ಅಂತ ಬಿಡಿಸಿ ಹೇಳು." ಇದು ಅವರ ದಿನನಿತ್ಯದ ಜಪ. ಹೋಟೆಲಿನವನು ಚಹಾ ಬಿಸಿ ಇದೆ ಅಂದರೂ ಸಾಕ್ಷಿ ಕೇಳುವ ಆಸಾಮಿ.

ಆದರೆ ಈ ಆಸಾಮಿಗೂ ಒಂದು ಸಂಕಟವಿತ್ತು. ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದ ಮಗಳು ಅವಳ ಜೊತೆ. ಹೋದ ರಜೆಯಲ್ಲಿ ಮೇಷ್ಟ್ರು ಹೋಗಿದ್ದಾಗ ಮಗು ಅಮ್ಮನ ಬೆನ್ನ ಹಿಂದೆ ಅವಿತುಕೊಂಡು, "ಈ ಮಾಮ ಯಾವಾಗ ಹೋಗ್ತಾರೆ?" ಎಂದು ಕೇಳಿತ್ತು. ಹೆಂಡತಿ ನಕ್ಕಳು. ಮೇಷ್ಟ್ರೂ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರೆ, ಪಕ್ಕದ ಸೀಟಿನವನು ವಾಂತಿ ಬರುತ್ತಿದೆ ಅಂದುಕೊಂಡು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಮೇಷ್ಟ್ರು ಅದನ್ನೂ ಬೇಡ ಅನ್ನದೆ ಇಟ್ಟುಕೊಂಡರು.

ಹಾಗಾಗಿ ಸಲಹೆ ನಾಟಿತು. ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಸೊಂಟ ಕಟ್ಟಿ ನಿಂತಿತು.

"ಮೇಜಿನ ಮೇಲೆ ತಲೆ ಇಟ್ಟು ಗೊರಕೆ ಹೊಡೀರಿ," ಎಂದರು ಡ್ರಿಲ್ ಮೇಷ್ಟ್ರು.

"ಅಯ್ಯೋ, ಗೊರಕೆ ಹೊಡೆದ್ರೆ ಕೆಲಸಕ್ಕೇ ಸಂಚಕಾರ," ಎಂದರು ವಿಜ್ಞಾನದ ಮೇಡಂ. "ಸುಮ್ನೆ ಓದಿ, ಅರ್ಥ ಹೇಳಿ, ಬರ್ಕೊಳ್ಳಿ ಅನ್ನಿ. ಅದಕ್ಕಿಂತ ಕೆಟ್ಟದ್ದು ಏನಿದೆ?"

"ಸಾಕ್ಷಿ ಅನ್ನೋ ಪದ ಮಾತ್ರ ಬಾಯಿಂದ ಬೀಳಬಾರದು," ಎಂದು ಲೆಕ್ಕದ ಮೇಷ್ಟ್ರು ಬೆರಳು ಎತ್ತಿ ಎಚ್ಚರಿಸಿದರು. "ಬಿತ್ತೋ, ಕೆಟ್ಟಿರಿ!"

ಸಾಹೇಬರು ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಪೆನ್ನು, ಮುಖದಲ್ಲಿ ಹೊಟ್ಟೆನೋವು. ಯಾರ ಹತ್ತಿರವೂ ಮಾತಾಡದೆ ಹೋಗಿ ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರ ನಡುವೆ ತುರುಕಿಕೊಂಡು ಕೂತರು.

ಅಂದಿನ ಪಾಠ ಒಬ್ಬ ದರ್ಜಿಯ ಕತೆ. ಮಗಳು ಓದಲು ದೂರ ಹೊರಟಿದ್ದಾಳೆ. ಅಪ್ಪ ಅವಳಿಗೊಂದು ಕೋಟು ಹೊಲಿಯುತ್ತಾನೆ. ಒಂದು ಸಲ ತೋಳು ಉದ್ದವಾಯಿತು, ಇನ್ನೊಂದು ಸಲ ಗಿಡ್ಡವಾಯಿತು, ಆಮೇಲೆ ಕಾಲರು ಸೊಟ್ಟವಾಯಿತು. ಬಿಚ್ಚುತ್ತಾನೆ, ಹೊಲಿಯುತ್ತಾನೆ, ಬಿಚ್ಚುತ್ತಾನೆ. ಇಂಥ ಕತೆ ಸಿಕ್ಕರೆ ಸಾಕ್ಷಿ ಮೇಷ್ಟ್ರು ಬೇರೆ ದಿನ ಹಬ್ಬ ಮಾಡುತ್ತಿದ್ದರು. ಇವತ್ತು ಹಲ್ಲುನೋವು ಬಂದವರ ಹಾಗೆ ಓದಿ ಮುಗಿಸಿ, ಕಿಟಕಿಯ ಸರಳು ನೋಡುತ್ತ ಹೇಳಿದರು:

"ದರ್ಜಿಗೆ ಕೆಲಸ ಬರೋದಿಲ್ಲ. ಇಷ್ಟೇ ಕತೆ. ಬರ್ಕೊಳ್ಳಿ."

ತರಗತಿ ಗಾಬರಿಯಾಯಿತು. ಒಬ್ಬ ಹುಡುಗ ಎದ್ದು ನಿಂತ. "ಸಾರ್... ಅದಕ್ಕೆ ಸಾಕ್ಷಿ?"

"ಬೇಕಾಗಿಲ್ಲ. ಕೂತ್ಕೋ."

ಸಾಕ್ಷಿ ಬೇಕಾಗಿಲ್ಲ! ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೇಷ್ಟ್ರಿಗೆ ಜ್ವರ ಬಂದಿದೆ ಎಂದು ತೀರ್ಮಾನಿಸಿ ತನ್ನ ನೀರಿನ ಬಾಟಲಿ ತಂದು ಕೊಟ್ಟಳು. ಇನ್ನೊಬ್ಬ ಕುರ್ಚಿ ಎಳೆದು ತಂದ. ಕುರ್ಚಿಯ ಕಾಲು ಮುರಿದಿತ್ತು. ಮೇಷ್ಟ್ರು ಕೂತರು, ಬಿದ್ದರು, ಬಾಟಲಿಯ ನೀರೆಲ್ಲ ಅಂಗಿಯ ಮೇಲೆ. ಹಿಂದಿನ ಬೆಂಚಿನಲ್ಲಿ ಸಾಹೇಬರು ಏನೋ ಗೀಚಿಕೊಂಡರು. ಮೇಷ್ಟ್ರಿಗೆ ಸೊಂಟ ನೋಯುತ್ತಿದ್ದರೂ ಒಳಗೊಳಗೇ ಸಮಾಧಾನ. ಕೆಲಸ ಕೆಡುತ್ತಿದೆ, ದೇವರು ದೊಡ್ಡವನು. ಕಿಟಕಿಯ ಹೊರಗೆ ಲೆಕ್ಕದ ಮೇಷ್ಟ್ರ ಬೋಳುತಲೆ ಕಾಣಿಸಿತು. ತಮ್ಮ ತರಗತಿ ಬಿಟ್ಟು ತಮಾಷೆ ನೋಡಲು ಬಂದಿದ್ದರು. "ಭೇಷ್," ಎಂದು ಹೆಬ್ಬೆರಳು ಎತ್ತಿ ತೋರಿಸಿದರು.

"ಈಗ ಒಂದು ಪ್ಯಾರಾ ಬರೀರಿ," ಎಂದರು ಸಾಕ್ಷಿ ಮೇಷ್ಟ್ರು ಅಂಗಿ ಹಿಂಡಿಕೊಳ್ಳುತ್ತ. "ಬಾಯಿಗೆ ಬಂದದ್ದು ಬರೀರಿ." ಈ ಮಾತು ಆಡುವಾಗ ಅವರ ನಾಲಿಗೆಯೇ ಅವರನ್ನು ಬೈದ ಹಾಗಾಯಿತು.

ಮಕ್ಕಳು ಬರೆದರು. ಸಾಹೇಬರು ಎದ್ದು ಬೆಂಚುಗಳ ನಡುವೆ ಅಡ್ಡಾಡುತ್ತ ಒಬ್ಬ ಹುಡುಗಿಯ ಹತ್ತಿರ ನಿಂತುಬಿಟ್ಟರು. ಅವಳನ್ನು ತರಗತಿಯಲ್ಲಿ ಎಲ್ಲರೂ ವಕೀಲಮ್ಮ ಅನ್ನುತ್ತಿದ್ದರು. ಅವಳ ಬಾಯಿಗೆ ಹೆದರಿ ಮನೆಯಲ್ಲಿ ಅಣ್ಣ ಬಿಸ್ಕತ್ತು ಕದಿಯುವುದನ್ನು ಬಿಟ್ಟಿದ್ದ.

"ಜೋರಾಗಿ ಓದಮ್ಮ," ಎಂದರು ಸಾಹೇಬರು.

ವಕೀಲಮ್ಮ ಎದ್ದು ಓದಿದಳು. "ದರ್ಜಿಗೆ ಕೆಲಸ ಬರುವುದಿಲ್ಲ ಎಂಬುದು ಸುಳ್ಳು. ಅದೇ ದಿನ ಅವನು ಪಕ್ಕದ ಮನೆಯವರ ಅಂಗಿಯನ್ನು ಒಂದೇ ಸಲಕ್ಕೆ ಸರಿಯಾಗಿ ಹೊಲಿದ ಎಂದು ಕತೆಯಲ್ಲಿದೆ. ಮಗಳ ಕೋಟಿನಲ್ಲಿ ಮಾತ್ರ ಅವನ ಕೈ ತಪ್ಪುತ್ತದೆ. ಅಂದರೆ ಅವನು ಬೇಕೆಂದೇ ತಪ್ಪುತ್ತಿದ್ದಾನೆ. ಕೋಟು ಮುಗಿದರೆ ಮಗಳು ಹೊರಡುತ್ತಾಳೆ. ನಮ್ಮ ಮೇಷ್ಟ್ರೂ ಇವತ್ತು ಆ ದರ್ಜಿಯ ಹಾಗೆಯೇ. ದಿನಾ ಸಾಕ್ಷಿ ಎಲ್ಲಿ ಎಂದು ಕೇಳುವವರು ಇವತ್ತು ಬೇಡ ಎಂದರು. ಕತೆ ಹೇಳುವಾಗ ನಮ್ಮ ಮುಖ ನೋಡುವವರು ಇವತ್ತು ಕಿಟಕಿ ನೋಡಿದರು. ಆದ್ದರಿಂದ ಮೇಷ್ಟ್ರು ಬೇಕೆಂದೇ ಕೆಟ್ಟದಾಗಿ ಪಾಠ ಮಾಡುತ್ತಿದ್ದಾರೆ. ಅವರಿಗೆ ನಾವು ಸಾಕಾಗಿದ್ದೇವೆ."

ಕಿಟಕಿಯ ಬೋಳುತಲೆ ಗಬಕ್ಕನೆ ಕೆಳಗಿಳಿಯಿತು.

"ಏನು ಮೇಷ್ಟ್ರೇ," ಎಂದರು ಸಾಹೇಬರು ಮೆಲ್ಲಗೆ. "ಇದಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ?"

ಎರಡು ಅಂದಿದ್ದರೆ ಬಚಾವಾಗುತ್ತಿದ್ದರು. ಹುಡುಗಿ ಏನೋ ಒದರುತ್ತಾಳೆ, ನನಗೆ ಪಾಠ ಮಾಡಲು ಬರುವುದೇ ಹೀಗೆ ಎಂದು ಕೈಚೆಲ್ಲಿದ್ದರೂ ಆಗುತ್ತಿತ್ತು. ಮೇಷ್ಟ್ರು ಎರಡು ಎನ್ನಲು ಬಾಯಿಯನ್ನೂ ತೆರೆದರು. ಆದರೆ ಆ ಕೊನೆಯ ವಾಕ್ಯ! ಅದು ಗಂಟಲಿಗೆ ಮುಳ್ಳಿನ ಹಾಗೆ ಅಡ್ಡ ಸಿಕ್ಕಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಸುಳ್ಳಲ್ಲ ನೋಡಿ.

"ಕೊನೇ ಮಾತಿಗೆ ಸಾಕ್ಷಿ ಎಲ್ಲಮ್ಮ?"

ಬಿತ್ತು. ಒದ್ದೆ ಅಂಗಿಯಲ್ಲೇ ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿಬಿಟ್ಟರು. "ಮೊದಲ ಮಾತಿಗೆ ಸಾಕ್ಷಿ ಕೊಟ್ಟೆ, ಸರಿ. ನಂಟು ಬಿಡಿಸಿದೆ, ಅದೂ ಸರಿ. ಆದರೆ ಬೇಕೆಂದೇ ಕೆಡಿಸಿದರು ಅನ್ನೋದರಿಂದ ನಾವು ಸಾಕಾಗಿದ್ದೇವೆ ಅನ್ನೋದಕ್ಕೆ ಹಾರಿದೆಯಲ್ಲ, ನಡುವೆ ಸೇತುವೆ ಎಲ್ಲಿ? ಸಾಕಾದವರು ಹೇಗಿರ್ತಾರೆ? ಯಾರಾದರೂ ಹೇಳಿ!"

"ಸಾಕಾಗಿದ್ರೆ ನಮ್ಮ ಪ್ಯಾರಾದ ಪಕ್ಕ ನಮಗಿಂತ ಜಾಸ್ತಿ ಕೆಂಪು ಇಂಕಲ್ಲಿ ಬರೀತಿರ್ಲಿಲ್ಲ, ಸಾರ್!" ಎಂದ ಒಬ್ಬ.

"ಭೇಷ್! ಹಾಗಾದರೆ ಅವಳ ಕೊನೇ ಮಾತು ನಿಲ್ಲೋದಿಲ್ಲ. ಮತ್ತೆ ಯಾಕೆ ಕೆಡಿಸಿದರು? ಹುಡುಕಿ!"

ತರಗತಿ ಜೇನುಗೂಡಾಯಿತು. ಮುಂದಿನವರು ಹಿಂದೆ ತಿರುಗಿದರು, ಹಿಂದಿನವರು ಬೆಂಚು ಹತ್ತಿದರು. ಕೊನೆಗೆ ವಕೀಲಮ್ಮನೇ ಮತ್ತೆ ಎದ್ದಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

"ಸಾರ್, ನೀವು ಕೊಡೋ ಉದಾಹರಣೇಲೆಲ್ಲ ಒಂದು ಮಗು ಬರುತ್ತೆ. 'ಮಗು ಬಾಗಿಲ ಹಿಂದೆ ಅವಿತುಕೊಂಡಿತು, ಇದರಿಂದ ಏನು ತಿಳೀತು?' ಅಂತ ಕೇಳ್ತೀರಿ. 'ಮಗು ಫೋನಿನಲ್ಲಿ ಮಾತಾಡಲಿಲ್ಲ, ಯಾಕೆ?' ಅಂತ ಕೇಳ್ತೀರಿ. ವರ್ಷಪೂರ್ತಿ ಅದೇ ಮಗು ಸಾರ್. ನಿಮ್ಮ ಮಗಳು ದೂರದ ಊರಲ್ಲಿರೋದು ನಮಗೂ ಗೊತ್ತು. ದರ್ಜಿ ಮಗಳನ್ನ ಉಳಿಸಿಕೊಳ್ಳೋಕೆ ಕೆಟ್ಟದಾಗಿ ಹೊಲಿದ. ನೀವು ವರ್ಗ ಮಾಡಿಸ್ಕೊಂಡು ಮಗಳ ಹತ್ರ ಹೋಗೋಕೆ ಕೆಟ್ಟದಾಗಿ ಪಾಠ ಮಾಡಿದ್ರಿ."

"ಹತ್ತಕ್ಕೆ ಹತ್ತು!" ಎಂದು ಮೇಷ್ಟ್ರು ಕೂಗಿದರು. ಕೂಗಿದ ಮೇಲೆ ತಾವು ಏನು ಕೂಗಿದೆವು ಎಂದು ಅವರಿಗೆ ಗೊತ್ತಾಯಿತು. ಗಂಟೆ ಹೊಡೆಯಿತು. ಒಂದು ಮಗುವೂ ಏಳಲಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಕಣ್ಣು ಕೆಂಪಾಗಿತ್ತು. ಪೆನ್ನು ತೆಗೆದರು. ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿದ್ದ ಡ್ರಿಲ್ ಮೇಷ್ಟ್ರು, "ಆಯ್ತು, ಸಿಕ್ತು ವರ್ಗ," ಎಂದು ವಿಜ್ಞಾನದ ಮೇಡಂಗೆ ಸನ್ನೆ ಮಾಡಿದರು.

"ಮೇಷ್ಟ್ರೇ, ನಾನೂ ಮಕ್ಕಳೊಂದಿಗ. ನಿಮ್ಮ ಕಷ್ಟ ಕರುಳಿಗೆ ತಾಗಿತು," ಎಂದರು ಸಾಹೇಬರು. "ಇಷ್ಟು ವರ್ಷದಲ್ಲಿ ಇಂಥ ಪಾಠ ನಾನು ನೋಡಿಲ್ಲ. ಕೆಡಿಸಬೇಕು ಅಂತ ಹಟ ತೊಟ್ಟರೂ ನಿಮ್ಮ ಕೈಲಿ ಕೆಡಿಸೋಕಾಗಲಿಲ್ಲ. ನಿಮ್ಮನ್ನ ಈ ಮಕ್ಕಳಿಂದ ಕಿತ್ತರೆ ಆ ಪಾಪ ನನ್ನ ಮಕ್ಕಳಿಗೆ ತಟ್ಟುತ್ತೆ. ನಾನಿರೋವರೆಗೆ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋದಿಲ್ಲ, ಹೋಗಿ." ಬೆನ್ನು ತಟ್ಟಿದರು. ಅದು ಸರಿಯಾಗಿ ಕುರ್ಚಿಯಿಂದ ಬಿದ್ದಾಗ ಪೆಟ್ಟಾದ ಜಾಗ.

ಸಾಹೇಬರು ಅಲ್ಲಿಂದ ಲೆಕ್ಕದ ತರಗತಿಗೆ ಹೋದರು. ಅಲ್ಲಿ ಮೇಷ್ಟ್ರಿರಲಿಲ್ಲ, ಲೆಕ್ಕವೂ ಇರಲಿಲ್ಲ. ಮಕ್ಕಳು ಎರಡು ಪಕ್ಷವಾಗಿ ಡಸ್ಟರು ಎಸೆದಾಡುತ್ತಿದ್ದರು. ಅದು ಸಾಹೇಬರ ಹಣೆಗೆ ಬಡಿಯಿತು. ಕಿಟಕಿ ಪಕ್ಕದಿಂದ ಓಡಿಬಂದ ಲೆಕ್ಕದ ಮೇಷ್ಟ್ರಿಗೆ ಹಣೆಗೆ ಸೀಮೆಸುಣ್ಣ ಮೆತ್ತಿಕೊಂಡ ಸಾಹೇಬರು ಒಂದೇ ಮಾತು ಹೇಳಿದರು: "ನಿಮಗೆ ತರಬೇತಿ ಬೇಕು." ತರಬೇತಿ ಶಾಲೆ ಇದ್ದದ್ದು ಸಾಕ್ಷಿ ಮೇಷ್ಟ್ರ ಹೆಂಡತಿ ಮಗಳು ಇರುವ ಊರಿನಲ್ಲಿ. ತರಬೇತಿ ಮುಗಿದ ಮೇಲೂ ಕೆಲಸ ಅಲ್ಲೇ ಅಂತೆ.

ಪುಣ್ಯಾತ್ಮನ ಸಲಹೆ ಸುಳ್ಳಾಗಲಿಲ್ಲ. ಕೆಟ್ಟದಾಗಿ ಪಾಠ ಮಾಡಿದವರಿಗೆ ಸಾಯಂಕಾಲಕ್ಕೆ ವರ್ಗ ಆಯಿತು.

ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಇಬ್ಬರೇ ಉಳಿದರು. ಲೆಕ್ಕದ ಮೇಷ್ಟ್ರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಅಳುತ್ತಿದ್ದರು. "ಇಲ್ಲಿ ಕಟ್ಟಿಸಿದ ಹೊಸ ಮನೆಯ ಬಣ್ಣ ಇನ್ನೂ ಒಣಗಿಲ್ಲ ಮಾರಾಯ್ರೇ! ಹೆಂಡತಿ ಮಕ್ಕಳನ್ನ ಬಿಟ್ಟು ಆ ಊರಿಗೆ ಹೋಗಿ ಏನು ಮಾಡಲಿ ನಾನು?" ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಸಾಕ್ಷಿ ಮೇಷ್ಟ್ರಿಗೆ ಅವರನ್ನು ಬೈಯಲೂ ಮನಸ್ಸು ಬರಲಿಲ್ಲ. ತಾವೇ ಒಂದು ಲೋಟ ನೀರು ಕೊಟ್ಟರು.

ನೀರು ಕುಡಿದು ಲೆಕ್ಕದ ಮೇಷ್ಟ್ರು ಕೊಂಚ ಸುಧಾರಿಸಿಕೊಂಡರು. ಮೂಲತಃ ಅವರು ಒಳ್ಳೆಯ ಮನುಷ್ಯರೇ.

"ಹೋಗಲಿ ಬಿಡಿ, ನನ್ನಿಂದ ಅಷ್ಟಾದರೂ ಆಗಲಿ," ಎಂದರು. "ದಿನಾ ಸಂಜೆ ಅಲ್ಲಿ ನಿಮ್ಮ ಮನೆಗೆ ಹೋಗಿ ಮಗೂನ ಮಾತಾಡಿಸಿಕೊಂಡು ಬರ್ತೀನಿ. ಬರಿಗೈಲಿ ಹೋಗಬಾರದಲ್ಲ. ಮಗೂಗೆ ಏನು ಇಷ್ಟ, ಹೇಳಿ?"

ಸಾಕ್ಷಿ ಮೇಷ್ಟ್ರು ಯೋಚಿಸಿದರು. ಗೊಂಬೆಯೋ, ಚೆಂಡೋ, ಸಿಹಿಯೋ. ಹೊರಗೆ ಜವಾನ ಒಂದೊಂದೇ ಬಾಗಿಲು ಹಾಕುತ್ತ ಬರುತ್ತಿದ್ದ.

"ಗೊತ್ತಿಲ್ಲ," ಎಂದರು ಕೊನೆಗೆ. "ನೀವು ನೋಡಿ ನನಗೂ ತಿಳಿಸಿ."